ಹಳೇ ಪಿಕಪ್ ಗಾಡಿಗೆ ಡೀಸೆಲ್ ಉಳಿತಾಯ: ಗಾಳಿಯ ತಡೆ ಕಡಿಮೆ ಮಾಡುವುದು ಹೇಗೆ?

ಕಂದಲಗಾಂವ (ದಕ್ಷಿಣ ಸೊಲ್ಲಾಪುರ): ಭೀಮಾ ಮತ್ತು ಸೀನಾ ನದಿಗಳ ನಡುವಿನ ನಮ್ಮ ಊರುಗಳಲ್ಲಿ ಎತ್ತಿನ ಗಾಡಿಯ ಜಾಗಕ್ಕೆ ಪಿಕಪ್ ಬಂದು ಬಹಳ ವರ್ಷಗಳಾದವು. ಉಳ್ಳಾಗಡ್ಡಿ ಚೀಲ ಸೊಲ್ಲಾಪುರದ ಸಿದ್ಧೇಶ್ವರ ಮಾರುಕಟ್ಟೆ ಸಮಿತಿಗೆ ಹೋಗಬೇಕೆಂದರೂ, ದ್ರಾಕ್ಷಿ-ದಾಳಿಂಬೆ ಪುಣೆಯ ಕಡೆ ಸಾಗಬೇಕೆಂದರೂ, ಜೋಳದ ಕಣಕಿ ಅಕ್ಕಲಕೋಟೆ ದಾಟಿ ಆಳಂದದ ಕಡೆ ಹೊರಡಬೇಕೆಂದರೂ ಅದೇ ಗಾಡಿ ಬೇಕು. ಮಹೀಂದ್ರಾ ಬೊಲೆರೊ ಪಿಕಪ್, ಟಾಟಾ 207, 2005ರಲ್ಲಿ ಬಂದ ಟಾಟಾ ಏಸ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ - ಹೆಸರು ಯಾವುದೇ ಇರಲಿ, ಹತ್ತು ಹನ್ನೆರಡು ವರ್ಷ ದುಡಿದ ಗಾಡಿಗಳೇ ಇಲ್ಲಿ ಹೆಚ್ಚು.

ಇಂಥ ಗಾಡಿಯ ಮಾಲೀಕನ ಮುಂದಿರುವ ಪ್ರಶ್ನೆ ಒಂದೇ. ಬಾಡಿಗೆಯಲ್ಲಿ ಡೀಸೆಲ್ ಖರ್ಚು ಕಳೆದು, ಟೈರು-ರಿಪೇರಿ ಕಳೆದು, ಬ್ಯಾಂಕಿನ ಹಪ್ತೆ ಕಟ್ಟಿದ ಮೇಲೆ ಮನೆಗೆ ಏನು ಉಳಿಯುತ್ತದೆ? ಬಾಡಿಗೆ ದರ ನಮ್ಮ ಕೈಯಲ್ಲಿಲ್ಲ, ಡೀಸೆಲ್ ದರವೂ ನಮ್ಮ ಕೈಯಲ್ಲಿಲ್ಲ. ಗಾಡಿ ಎಷ್ಟು ಡೀಸೆಲ್ ಕುಡಿಯುತ್ತದೆ ಎಂಬುದು ಮಾತ್ರ ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲಿದೆ. ಹೊಸ ಗಾಡಿ ಕೊಳ್ಳದೆ, ಹೆಚ್ಚು ಹಣ ಹಾಕದೆ ಮಾಡಬಹುದಾದ ಕೆಲಸಗಳ ಮಾಹಿತಿ ಇಲ್ಲಿದೆ.

ಎಂಜಿನ್ ಯಾವುದರ ವಿರುದ್ಧ ದುಡಿಯುತ್ತದೆ?

ಸಮನಾದ ರಸ್ತೆಯ ಮೇಲೆ ಒಂದೇ ವೇಗದಲ್ಲಿ ಹೋಗುವ ಗಾಡಿಯನ್ನು ಎರಡು ಶಕ್ತಿಗಳು ಹಿಂದಕ್ಕೆ ಎಳೆಯುತ್ತವೆ. ಒಂದು ರಸ್ತೆಯ ಎಳೆತ. ಭಾರ ಹೊತ್ತ ಟೈರು ಒತ್ತಿ, ಮತ್ತೆ ಉಬ್ಬಿ ತಿರುಗುವಾಗ ಆಗುವ ನಷ್ಟ ಇದು. ಭಾರ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ. ವೇಗದಿಂದ ಬಹಳ ವ್ಯತ್ಯಾಸವಾಗುವುದಿಲ್ಲ. ಎರಡನೆಯದು ಗಾಳಿಯ ಎಳೆತ. ಇದಕ್ಕೆ ಭಾರದ ಲೆಕ್ಕವಿಲ್ಲ. ಗಾಡಿಯ ಮುಖ ಎಷ್ಟು ಅಗಲ-ಎತ್ತರ ಇದೆ, ಆಕಾರ ಹೇಗಿದೆ, ವೇಗ ಎಷ್ಟಿದೆ ಎಂಬ ಮೂರು ಸಂಗತಿಗಳ ಮೇಲೆ ಅದು ನಿಂತಿದೆ.

ಗಾಳಿ ಎಂದರೆ ಏನೂ ಇಲ್ಲದ ಜಾಗವಲ್ಲ. ರಾಶಿ ಮಾಡುವಾಗ ಮೊರ ಹಿಡಿದವರಿಗೆ ಇದು ಗೊತ್ತು. ಮೊರವನ್ನು ಗಾಳಿಗೆ ಅಡ್ಡವಾಗಿ ಹಿಡಿದರೆ ಕೈ ಹಿಂದಕ್ಕೆ ಹೋಗುತ್ತದೆ. ಅಂಚು ಮುಂದೆ ಮಾಡಿ ಹಿಡಿದರೆ ಏನೂ ಅನಿಸುವುದಿಲ್ಲ. ಮೊರ ಅದೇ, ತೂಕ ಅದೇ. ಗಾಳಿಗೆ ತೋರಿಸಿದ ಮುಖ ಮಾತ್ರ ಬೇರೆ.

ವೇಗದ ಲೆಕ್ಕ ಇನ್ನೂ ಕಠಿಣ. ವೇಗ ಎರಡು ಪಟ್ಟಾದರೆ ಗಾಳಿಯ ಎಳೆತ ನಾಲ್ಕು ಪಟ್ಟಾಗುತ್ತದೆ. ಅದನ್ನು ಎದುರಿಸಲು ಎಂಜಿನ್ ಕೊಡಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ.

ಒಂದು ಅಂದಾಜು ಲೆಕ್ಕ

ಸರಕು ಸೇರಿ 3 ಟನ್ ತೂಗುವ ಪಿಕಪ್ ತೆಗೆದುಕೊಳ್ಳೋಣ. ಅದರ ಮುಖದ ಅಳತೆ ಸುಮಾರು 2.7 ಚದರ ಮೀಟರ್, ಆಕಾರದ ಗುಣಾಂಕ 0.5 ಎಂದು ಹಿಡಿಯೋಣ. ಸಣ್ಣ ಕಾರುಗಳಿಗೆ ಈ ಗುಣಾಂಕ 0.3ರ ಆಸುಪಾಸು ಇರುತ್ತದೆ. ಪಿಕಪ್ ಚೌಕಾಕಾರದ್ದಾದ್ದರಿಂದ ಹೆಚ್ಚು. ಹೀಗೆ ಲೆಕ್ಕ ಹಾಕಿದರೆ ಸಿಗುವ ಅಂಕಿಗಳು:

ಗಂಟೆಗೆ 40 ಕಿ.ಮೀ.: ಗಾಳಿಯ ಎಳೆತ ಸುಮಾರು 9 ಕಿಲೊ, ರಸ್ತೆಯ ಎಳೆತ 36 ಕಿಲೊ.
ಗಂಟೆಗೆ 60 ಕಿ.ಮೀ.: ಗಾಳಿಯ ಎಳೆತ 21 ಕಿಲೊ, ರಸ್ತೆಯ ಎಳೆತ 36 ಕಿಲೊ.
ಗಂಟೆಗೆ 80 ಕಿ.ಮೀ.: ಗಾಳಿಯ ಎಳೆತ 37 ಕಿಲೊ, ರಸ್ತೆಯ ಎಳೆತ 36 ಕಿಲೊ.

ಅಂದರೆ 80ರ ವೇಗದಲ್ಲಿ ತುಂಬಿದ ಗಾಡಿಯನ್ನು ರಸ್ತೆ ಎಷ್ಟು ಹಿಡಿಯುತ್ತದೆಯೋ ಗಾಳಿಯೂ ಅಷ್ಟೇ ಹಿಡಿಯುತ್ತದೆ. ಗಾಡಿ ಖಾಲಿ ಇದ್ದರೆ ರಸ್ತೆಯ ಎಳೆತ ಇಳಿಯುತ್ತದೆ, ಗಾಳಿಯದು ಇಳಿಯುವುದಿಲ್ಲ. ಆದ್ದರಿಂದ ಖಾಲಿ ಗಾಡಿಗೆ 60ರ ವೇಗದಲ್ಲೇ ಎರಡೂ ಸಮ ಸಮ. 'ಖಾಲಿ ಗಾಡಿ, ಜೋರಾಗಿ ಹೋದರೆ ಏನಾಯಿತು' ಎಂಬ ಮಾತು ಇದರಿಂದಲೇ ತಪ್ಪು.

ಈ ಕಿಲೊಗಳನ್ನು ಡೀಸೆಲ್ ಮಾಡುವುದು ಸುಲಭ. ಒಂದು ಲೀಟರ್ ಡೀಸೆಲ್‌ನಲ್ಲಿರುವ ಶಕ್ತಿಯಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಮಾತ್ರ ಗಾಲಿಗೆ ಮುಟ್ಟುತ್ತದೆ. ಉಳಿದದ್ದು ಶಾಖವಾಗಿ ಹೊಗೆಯಲ್ಲಿ, ರೇಡಿಯೇಟರಿನಲ್ಲಿ ಹೋಗುತ್ತದೆ. ಆ ಪ್ರಕಾರ 10 ಕಿಲೊ ಎಳೆತ ತಪ್ಪಿಸಿದರೆ 100 ಕಿ.ಮೀ.ಗೆ ಸುಮಾರು 1 ಲೀಟರ್ ಡೀಸೆಲ್ ಉಳಿಯುತ್ತದೆ. ಈ ಒಂದು ಸೂತ್ರ ನೆನಪಿದ್ದರೆ ಸಾಕು, ಮುಂದಿನ ಎಲ್ಲ ಸಲಹೆಗಳನ್ನೂ ನೀವೇ ತೂಗಿ ನೋಡಬಹುದು.

ಮೊದಲ ಕೆಲಸ: ಬಲಗಾಲು

80ರಿಂದ 60ಕ್ಕೆ ಇಳಿದರೆ 16 ಕಿಲೊ ಎಳೆತ ತಪ್ಪುತ್ತದೆ, ಅಂದರೆ 100 ಕಿ.ಮೀ.ಗೆ ಒಂದೂವರೆ ಲೀಟರಿಗೂ ಹೆಚ್ಚು ಉಳಿತಾಯ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಸಮಯದ ನಷ್ಟವೂ ನಾವು ಅಂದುಕೊಂಡಷ್ಟು ಇಲ್ಲ. 30 ಕಿ.ಮೀ. ದಾರಿಗೆ 80ರ ವೇಗದಲ್ಲಿ ಇಪ್ಪತ್ತೆರಡೂವರೆ ನಿಮಿಷ, 60ರಲ್ಲಿ 30 ನಿಮಿಷ. ಏಳೂವರೆ ನಿಮಿಷ ಮೊದಲೇ ಮನೆ ಬಿಟ್ಟರೆ ಸವಾಲಿನ ಹೊತ್ತಿಗೆ ಮಾಲು ಕಟ್ಟೆಯಲ್ಲಿರುತ್ತದೆ. 1978ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ (ಪಿಸಿಆರ್‌ಎ) ಗಂಟೆಗೆ 45ರಿಂದ 55 ಕಿ.ಮೀ. ವೇಗವನ್ನೇ ಮಿತವ್ಯಯದ ವೇಗವೆಂದು ಹೇಳುತ್ತ ಬಂದಿದೆ.

ಗಾಳಿ ಬೀಸುವ ದಿಕ್ಕನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಳೆಗಾಲದಲ್ಲಿ ನಮ್ಮ ಭಾಗಕ್ಕೆ ಪಶ್ಚಿಮ, ನೈಋತ್ಯದ ಗಾಳಿ ಬಲವಾಗಿರುತ್ತದೆ. ಸೊಲ್ಲಾಪುರದಿಂದ ಪುಣೆಗೆ ಹೋಗುವ ಗಾಡಿಗೆ ಅದು ಎದುರುಗಾಳಿ. ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಇದ್ದರೆ, ಮುಳ್ಳು 60 ತೋರಿಸಿದರೂ ಗಾಡಿ ಎದುರಿಸುವುದು 80ರ ಗಾಳಿಯನ್ನು. ಅಂಥ ದಿನ ಇನ್ನೂ ಐದು ಹತ್ತು ಕಿ.ಮೀ. ವೇಗ ಇಳಿಸಿದರೆ ಲಾಭ. ಬರುವಾಗ ಹಿಂದಿನ ಗಾಳಿ ಸಹಾಯ ಮಾಡುತ್ತದೆ ನಿಜ, ಆದರೆ ಹೋಗುವಾಗ ಕಳೆದುಕೊಂಡದ್ದನ್ನು ಪೂರ್ತಿ ತಿರುಗಿ ಕೊಡುವುದಿಲ್ಲ.

ಹಿಂದಿನ ಫಾಳ್ಕಾ ತೆಗೆದರೆ ಲಾಭವೇ?

ಖಾಲಿ ಬರುವಾಗ ಹಿಂದಿನ ಫಾಳ್ಕಾ ಇಳಿಸಿದರೆ ಗಾಳಿ ಹರಿದು ಹೋಗುತ್ತದೆ, ಮೈಲೇಜ್ ಹೆಚ್ಚುತ್ತದೆ ಎಂಬ ನಂಬಿಕೆ ಅನೇಕ ಚಾಲಕರಲ್ಲಿದೆ. ಕೇಳಲು ಸರಿ ಎನಿಸುತ್ತದೆ. ಆದರೆ ಪಿಕಪ್‌ಗಳನ್ನು ಗಾಳಿ ಸುರಂಗದಲ್ಲಿಟ್ಟು ನಡೆಸಿದ ಪರೀಕ್ಷೆಗಳು ಬೇರೆಯದನ್ನೇ ಹೇಳುತ್ತವೆ. ಫಾಳ್ಕಾ ಮುಚ್ಚಿದ್ದಾಗ ಕ್ಯಾಬಿನ್ ಹಿಂದಿನ ತೊಟ್ಟಿಯಲ್ಲಿ ಗಾಳಿ ಒಂದು ಸುಳಿಯಾಗಿ ತಿರುಗುತ್ತ ನಿಲ್ಲುತ್ತದೆ. ಕ್ಯಾಬಿನ್ ಮೇಲಿಂದ ಬರುವ ಗಾಳಿ ಆ ಸುಳಿಯ ಮೇಲೆಯೇ ಜಾರಿ ಹಿಂದೆ ಹೋಗುತ್ತದೆ. ಫಾಳ್ಕಾ ಇಳಿಸಿದರೆ ಸುಳಿ ಒಡೆಯುತ್ತದೆ, ಗಾಳಿ ತೊಟ್ಟಿಗೆ ಇಳಿದು ಎಳೆತ ಹೆಚ್ಚಾಗುವುದೇ ಸಾಮಾನ್ಯ. ಅಮೆರಿಕದ ಪ್ರಸಿದ್ಧ ಟಿವಿ ಕಾರ್ಯಕ್ರಮ 'ಮಿಥ್‌ಬಸ್ಟರ್ಸ್' ಕೂಡ ರಸ್ತೆಯ ಮೇಲೆ ಇದನ್ನು ಪರೀಕ್ಷಿಸಿ, ಫಾಳ್ಕಾ ಮುಚ್ಚಿದ ಗಾಡಿಯೇ ಹೆಚ್ಚು ದೂರ ಹೋಗಿದ್ದನ್ನು ತೋರಿಸಿತ್ತು.

ನಮ್ಮ ಗಾಡಿಗಳಿಗೆ ಇನ್ನೊಂದು ಕಾರಣವೂ ಇದೆ. ಇಳಿಬಿಟ್ಟ ಫಾಳ್ಕಾ ಹಿಂದಿನ ದೀಪ ಮತ್ತು ನಂಬರ್ ಪ್ಲೇಟನ್ನು ಮರೆಮಾಡಬಹುದು. ರಾತ್ರಿ ಹೊತ್ತು ಹಿಂದೆ ಬರುವ ಮೋಟಾರ್ ಸೈಕಲ್ ಸವಾರನ ಜೀವಕ್ಕೆ ಅದು ಅಪಾಯ. ಆದ್ದರಿಂದ ಫಾಳ್ಕಾ ಮುಚ್ಚಿಯೇ ಇರಲಿ.

ತಾಡಪತ್ರಿ ಬಿಗಿಯಾಗಿರಲಿ

ತೊಟ್ಟಿಯ ಮೇಲೆ ಸಮನಾಗಿ ಬಿಗಿದ ಹೊದಿಕೆ ಗಾಳಿಯ ಎಳೆತವನ್ನು ಶೇಕಡಾ ಕೆಲವು ಅಂಶ ತಗ್ಗಿಸುತ್ತದೆ. 60ರ ವೇಗದಲ್ಲಿ ಇದು ಒಂದು ಕಿಲೊದಷ್ಟು, 100 ಕಿ.ಮೀ.ಗೆ ಒಂದು ಲೋಟ ಡೀಸೆಲ್‌ಗಿಂತ ಹೆಚ್ಚಲ್ಲ. ಇದಕ್ಕಾಗಿ ಸಾವಿರಾರು ರೂಪಾಯಿಯ ಹೊದಿಕೆ ಕೊಳ್ಳುವುದು ಬೇಡ. ಆದರೆ ಇರುವ ತಾಡಪತ್ರಿಯನ್ನು ಹೇಗೆ ಕಟ್ಟುತ್ತೇವೆ ಎಂಬುದು ಮುಖ್ಯ. ಸಡಿಲ ಬಿಟ್ಟ ತಾಡಪತ್ರಿ ಪಟಪಟ ಬಡಿಯುವ ಪ್ರತಿ ಹೊಡೆತಕ್ಕೂ ಶಕ್ತಿ ಬರುವುದು ಎಂಜಿನ್‌ನಿಂದಲೇ. ಮುಂಭಾಗದ ಅಂಚನ್ನು ಒಳಗೆ ಮಡಚಿ ಹಗ್ಗ ಬಿಗಿಯಬೇಕು. ಗಾಳಿ ಒಳಗೆ ನುಗ್ಗಿ ಕೊಡೆಯಂತೆ ಉಬ್ಬಿದರೆ ಗಾಡಿಗೆ ಬ್ರೇಕ್ ಹಾಕಿದಂತೆ.

ಟಪ್ಪಿನ ಮೇಲಿನ ಕ್ಯಾರಿಯರ್, ಮುಂದಿನ ಗಾರ್ಡ್

ಕ್ಯಾಬಿನ್ ಟಪ್ಪಿನ ಮೇಲೆ ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಹಳೇ ಸ್ಟೆಪ್ನಿ, ಹಗ್ಗದ ಸುರುಳಿ, ಮಡಚಿದ ತಾಡಪತ್ರಿ - ಇದು ಸಾಮಾನ್ಯ ದೃಶ್ಯ. ಗಾಳಿ ಅತ್ಯಂತ ಜೋರಾಗಿ ಹರಿಯುವ ಜಾಗವೇ ಕ್ಯಾಬಿನ್ ಮುಂಭಾಗದ ಅಂಚು. ಅಲ್ಲಿ ಅಡ್ಡ ಇಟ್ಟ ವಸ್ತು ಎಳೆತವನ್ನು ಶೇ. 10ರಷ್ಟು ಹೆಚ್ಚಿಸಿದರೂ 80ರ ವೇಗದಲ್ಲಿ 4 ಕಿಲೊ, ಅಂದರೆ 100 ಕಿ.ಮೀ.ಗೆ ಅರ್ಧ ಲೀಟರಿನ ಹತ್ತಿರ. ಬೇಡವಾದದ್ದನ್ನು ಇಳಿಸಿ, ಬೇಕಾದದ್ದನ್ನು ತೊಟ್ಟಿಯಲ್ಲಿ ಕ್ಯಾಬಿನ್‌ಗೆ ಅಂಟಿಸಿ ಕಟ್ಟಿ.

ಮುಂದೆ ಹಚ್ಚುವ ಭಾರದ ಕಬ್ಬಿಣದ ಗಾರ್ಡ್ ತೂಕವನ್ನೂ ಹೆಚ್ಚಿಸುತ್ತದೆ, ಅಪಘಾತದಲ್ಲಿ ಪಾದಚಾರಿಗಳಿಗೂ ಅಪಾಯ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ತಿಳಿಸಿದೆ. ಬಿಚ್ಚಿಸಿದರೆ ಎರಡೂ ರೀತಿ ಒಳ್ಳೆಯದು.

ಕಣಕಿಯ ಹೇರು: ನಿಜವಾದ ಪರೀಕ್ಷೆ

ಗಾಳಿಯ ಮಾತು ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಅನ್ವಯಿಸುವುದು ಕಣಕಿಗೆ, ಮರಾಠಿಯಲ್ಲಿ ನಾವೆಲ್ಲ ಕಡಬಾ ಎನ್ನುವುದಕ್ಕೆ. ತೂಕ ಕಡಿಮೆ, ಗಾತ್ರ ಬಹಳ. ಕ್ಯಾಬಿನ್‌ಗಿಂತ ಐದಾರು ಅಡಿ ಎತ್ತರ, ಎರಡೂ ಕಡೆ ಹೊರಚಾಚಿದ ಹೇರು ಗಾಳಿಗೆ ಒಂದು ಗೋಡೆಯೇ ಸರಿ. ಮೇಲಿನ ಲೆಕ್ಕದಲ್ಲೇ ನೋಡಿದರೆ ಅಂಥ ಹೇರಿಗೆ 60ರ ವೇಗದಲ್ಲಿ ಗಾಳಿಯ ಎಳೆತ 90 ಕಿಲೊ ದಾಟುತ್ತದೆ. ತುಂಬಿದ ಉಳ್ಳಾಗಡ್ಡಿ ಗಾಡಿಯದು 21 ಕಿಲೊ ಎಂಬುದನ್ನು ನೆನಪಿಸಿಕೊಳ್ಳಿ. 40ಕ್ಕೆ ಇಳಿದರೆ ಅದು 41 ಕಿಲೊ ಆಗುತ್ತದೆ. ವ್ಯತ್ಯಾಸ 50 ಕಿಲೊಗೂ ಹೆಚ್ಚು, ಅಂದರೆ 100 ಕಿ.ಮೀ.ಗೆ 5 ಲೀಟರ್. 30 ಕಿ.ಮೀ. ದಾರಿಗೆ ಹದಿನೈದು ನಿಮಿಷ ತಡವಾದರೂ ಒಂದೂವರೆ ಲೀಟರ್ ಡೀಸೆಲ್ ಜೇಬಿನಲ್ಲಿ.

ಹೇರು ಒಟ್ಟುವ ರೀತಿಯೂ ಮುಖ್ಯ. ಇಲ್ಲಿ ಒಂದು ಪರದೇಶದ ಸಂಗತಿ ಹೇಳಬೇಕು. 1970ರ ದಶಕದ ತೈಲ ಬಿಕ್ಕಟ್ಟಿನ ಕಾಲದಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಎಡ್ವಿನ್ ಸಾಲ್ಟ್ಜ್‌ಮನ್ ಎಂಬ ಎಂಜಿನಿಯರ್ ಸೈಕಲ್ ಮೇಲೆ ಹೋಗುವಾಗ, ಪಕ್ಕದಲ್ಲಿ ಹಾದುಹೋಗುವ ದೊಡ್ಡ ಟ್ರಕ್ಕುಗಳ ಗಾಳಿ ಮೊದಲು ತನ್ನನ್ನು ಆಚೆಗೆ ತಳ್ಳಿ, ಬಳಿಕ ಒಳಗೆ ಎಳೆಯುವುದನ್ನು ಗಮನಿಸಿದರು. ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್‌ನಲ್ಲಿ ಅವರ ತಂಡ ಒಂದು ಹಳೇ ವ್ಯಾನಿಗೆ ಪೆಟ್ಟಿಗೆಯಂತೆ ತಗಡು ಹೊದಿಸಿ ಓಡಿಸಿತು. ನಂತರ ಅದರ ಮೂಲೆ-ಅಂಚುಗಳನ್ನು ದುಂಡಗೆ ಮಾಡಿ ಓಡಿಸಿತು. ಮೂಲೆ ದುಂಡಗಾದಷ್ಟರಿಂದಲೇ ಗಾಳಿಯ ತಡೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಇಂದು ಹೆದ್ದಾರಿಯ ದೊಡ್ಡ ಲಾರಿಗಳ ಕ್ಯಾಬಿನ್ ದುಂಡಗಾಗಿ, ಮೇಲೆ ಇಳಿಜಾರು ಹೊದಿಕೆ ಹೊತ್ತು ಕಾಣುವುದರ ಹಿಂದೆ ಇಂಥ ಪ್ರಯೋಗಗಳಿವೆ.

ನಮ್ಮ ಹಿರಿಯರು ಬಣವೆ ಒಟ್ಟುವಾಗ ಮೂಲೆ ದುಂಡಗೆ ಮಾಡಿ, ಮೇಲೆ ಬಂದಂತೆ ಒಳಗೆ ಸರಿಸುತ್ತಿದ್ದರು. ಮಳೆ-ಗಾಳಿಗೆ ಬಣವೆ ಬೀಳಬಾರದೆಂಬುದು ಅವರ ಉದ್ದೇಶ. ಗಾಡಿಯ ಹೇರಿಗೂ ಅದೇ ಪದ್ಧತಿ ಇರಲಿ: ಮುಂಭಾಗ ಕ್ಯಾಬಿನ್ ಟಪ್ಪಿನಿಂದ ಇಳಿಜಾರಾಗಿ ಏರಲಿ, ಮುಂದಿನ ಎರಡು ಮೂಲೆ ದುಂಡಗಿರಲಿ, ಹೊರಚಾಚಿದ ತುದಿಗಳನ್ನು ಹಗ್ಗದಿಂದ ಒಳಗೆ ಎಳೆದು ಕಟ್ಟಿರಲಿ. ಒಂದೇ ದೊಡ್ಡ ಹೇರಿಗಿಂತ ತಗ್ಗಾದ ಎರಡು ಹೇರು ಲೇಸು ಎಂದೇನೂ ಅಲ್ಲ. ದೂರ ನೋಡಿ ನಿರ್ಧರಿಸಬೇಕು.

ಇಲ್ಲಿ ಕಾನೂನಿನ ಮಾತೂ ಇದೆ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಸರಕು ಬದಿಗೆ, ಮುಂದೆ-ಹಿಂದೆ ಅಥವಾ ಎತ್ತರದಲ್ಲಿ ಮಿತಿ ಮೀರಿ ಚಾಚಿದರೆ 20 ಸಾವಿರ ರೂ. ದಂಡ. ಮಿತಿ ಮೀರಿದ ತೂಕಕ್ಕೆ 20 ಸಾವಿರ ರೂ. ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2 ಸಾವಿರ ರೂ. ಒಂದು ಬಾರಿಯ ದಂಡ ಇಡೀ ವರ್ಷದ ಉಳಿತಾಯವನ್ನು ನುಂಗಿಬಿಡುತ್ತದೆ.

ಎತ್ತರದ ಬಾಡಿಗೆ ಇಳಿಜಾರು ತಗಡು

ಹಾಲಿನ ಕ್ಯಾನು, ಹಣ್ಣಿನ ಕ್ರೇಟು ಸಾಗಿಸಲು ಕ್ಯಾಬಿನ್‌ಗಿಂತ ಎತ್ತರದ ಮುಚ್ಚಿದ ಬಾಡಿ ಇರುವ ಗಾಡಿಗಳಿಗೆ ಮಾತ್ರ ಟಪ್ಪಿನ ಮೇಲೆ ಇಳಿಜಾರು ಹೊದಿಕೆ ಹಾಕಿಸುವುದರಲ್ಲಿ ಅರ್ಥವಿದೆ. ಅದು ಗಾಳಿಯನ್ನು ಬಾಡಿಯ ಚಪ್ಪಟೆ ಗೋಡೆಗೆ ಬಡಿಯದಂತೆ ಮೇಲಕ್ಕೆ ತಿರುಗಿಸುತ್ತದೆ. ತೆರೆದ ತೊಟ್ಟಿಯ ಗಾಡಿಗೆ ಅದೇ ಹೊದಿಕೆ ಬರೀ ಅಡ್ಡಿ.

ಆದರೆ ಮಾರ್ಪಾಡು ಮಾಡಿಸುವ ಮುನ್ನ ಎಚ್ಚರ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿದೆ. ಬಾಡಿಯ ಅಳತೆ ಬದಲಾಗುವ ಯಾವುದೇ ಕೆಲಸಕ್ಕೆ ಮೊದಲು ಸೊಲ್ಲಾಪುರದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ರೇಡಿಯೇಟರ್ ಜಾಳಿಗೆ ರಟ್ಟು ಅಡ್ಡ ಇಡುವುದು, ಅಡಿಯಲ್ಲಿ ಸೈಲೆನ್ಸರ್ ಹತ್ತಿರ ಪ್ಲಾಸ್ಟಿಕ್ ಹಾಳೆ ಕಟ್ಟುವುದು ಬೇಡವೇ ಬೇಡ. ಎಂಜಿನ್ ಕಾಯುತ್ತದೆ, ಕಣಕಿ ಹೇರಿದ ಗಾಡಿಗೆ ಬೆಂಕಿಯ ಭಯವೂ ಇದೆ.

ಹಳೇ ಗಾಡಿಯ ಒಳಗಿನ ಸೋರಿಕೆ

ಗಾಳಿಯ ತಡೆ ಎಷ್ಟೇ ಇಳಿಸಿದರೂ ಗಾಡಿಯ ಆರೋಗ್ಯ ಸರಿ ಇರದಿದ್ದರೆ ಪ್ರಯೋಜನವಿಲ್ಲ. ಹಳೇ ಗಾಡಿಯಲ್ಲಿ ಕ್ರಮವಾಗಿ ನೋಡಬೇಕಾದವು ಇವು.

ಟೈರಿನ ಗಾಳಿ: ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆಯಬೇಕು. ಎಷ್ಟಿರಬೇಕೆಂದು ಗಾಡಿಯ ಪುಸ್ತಕದಲ್ಲಿ ಖಾಲಿಗೆ ಮತ್ತು ಭಾರಕ್ಕೆ ಬೇರೆ ಬೇರೆ ಕೊಟ್ಟಿರುತ್ತಾರೆ. ಗಾಳಿ ಕಡಿಮೆಯಾಗಿ ರಸ್ತೆಯ ಎಳೆತ ಶೇ. 10ರಷ್ಟು ಹೆಚ್ಚಿದರೆ 36 ಕಿಲೊ ಇದ್ದದ್ದು 40ರ ಹತ್ತಿರ ಹೋಗುತ್ತದೆ. ಗಾಳಿಯ ತಡೆಗೆ ಮಾಡಿದ ಎಷ್ಟೋ ಕೆಲಸ ಇಲ್ಲೇ ಕಳೆದುಹೋಗುತ್ತದೆ.

ಹಿಡಿದ ಬ್ರೇಕು: ಜಾಕ್ ಹಚ್ಚಿ ಪ್ರತಿ ಗಾಲಿಯನ್ನು ಕೈಯಿಂದ ತಿರುಗಿಸಿ. ಸರಾಗವಾಗಿ ತಿರುಗದಿದ್ದರೆ ಅಥವಾ ಓಡಿಸಿ ನಿಲ್ಲಿಸಿದಾಗ ಒಂದು ಡ್ರಮ್ ಮಾತ್ರ ಬಹಳ ಬಿಸಿಯಾಗಿದ್ದರೆ ಬ್ರೇಕ್ ಹಿಡಿದಿದೆ ಎಂದರ್ಥ.

ಏರ್ ಫಿಲ್ಟರ್: ಎರೆಮಣ್ಣಿನ ಧೂಳಿನ ದಾರಿಯಲ್ಲಿ ಓಡುವ ಗಾಡಿಗೆ ಕಂಪನಿ ಹೇಳಿದ ಅವಧಿಗಿಂತ ಮೊದಲೇ ಬದಲಿಸಬೇಕಾಗುತ್ತದೆ. ಕಪ್ಪು ಹೊಗೆ ಬರುತ್ತಿದ್ದರೆ ಮೊದಲು ಇದನ್ನೇ ನೋಡಿ, ಬಳಿಕ ನಾಝಲ್ ಮತ್ತು ಪಂಪ್.

ಥರ್ಮೋಸ್ಟಾಟ್ ವಾಲ್ವ್: ಗಾಡಿ ಕಾಯುತ್ತದೆ ಎಂದು ಇದನ್ನು ಕಿತ್ತು ಹಾಗೇ ಬಿಡುವ ರೂಢಿ ಇದೆ. ವಾಲ್ವ್ ಇಲ್ಲದ ಎಂಜಿನ್ ಬಿಸಿಯಾಗಲು ಬಹಳ ಹೊತ್ತು ಬೇಕು. ತಣ್ಣನೆಯ ಎಂಜಿನ್ ಹೆಚ್ಚು ಡೀಸೆಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕಾಯುವುದಕ್ಕೆ ಕಾರಣ ರೇಡಿಯೇಟರಿನಲ್ಲಿ ಹುಡುಕಬೇಕು.

ಕ್ಲಚ್: ಏರಿನಲ್ಲಿ ಎಂಜಿನ್ ಕೂಗಿದಷ್ಟು ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. ಪೆಡಲ್ ಮೇಲೆ ಕಾಲಿಟ್ಟೇ ಓಡಿಸುವ ಚಾಳಿ ಇದಕ್ಕೆ ಮುಖ್ಯ ಕಾರಣ.

ಬೇಡದ ಭಾರ: ತೊಟ್ಟಿಯಲ್ಲಿ ಸದಾ ಬಿದ್ದಿರುವ 100 ಕಿಲೊ ಸಾಮಾನು 100 ಕಿ.ಮೀ.ಗೆ ನೂರಿಪ್ಪತ್ತು ಮಿ.ಲೀ. ಡೀಸೆಲ್ ಕೇಳುತ್ತದೆ. ಏರು ಮತ್ತು ನಿಂತು ಹೊರಡುವುದರ ಲೆಕ್ಕ ಬೇರೆ.

ಮಾಡಬಾರದ ಕೆಲಸಗಳು

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಗಾಡಿ ಬಿಡುವುದು ಉಳಿತಾಯವಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಡೀಸೆಲ್ ಎಂಜಿನ್‌ಗೆ ಇಂಧನ ಹೆಚ್ಚು ಕಡಿಮೆ ನಿಂತೇ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಿರುಗಲು ಇಂಧನ ಬೇಕೇ ಬೇಕು. ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ದೊಡ್ಡ ಲಾರಿಯ ಬೆನ್ನಿಗೆ ಅಂಟಿ ಹೋದರೆ ಗಾಳಿ ತಪ್ಪುತ್ತದೆ ಎಂಬುದು ವಿಜ್ಞಾನದ ಪ್ರಕಾರ ನಿಜ, ಆದರೆ ಅದು ಸಾವಿನ ದಾರಿ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ರಿಫ್ಲೆಕ್ಟರ್ ಇಲ್ಲದ ಟ್ರಾಲಿಗಳು ರಸ್ತೆಯಲ್ಲಿರುವಾಗ ಮುಂದಿನ ಲಾರಿ ತಟ್ಟನೆ ನಿಂತರೆ ನಮಗೆ ಜಾಗವೇ ಇರುವುದಿಲ್ಲ.

ಡೀಸೆಲ್ ಪೈಪಿಗೆ ಕಟ್ಟುವ ಆಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ ಮಾರುವವರು ಸಂತೆಗೂ ಬರುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೂರಕ್ಕೂ ಹೆಚ್ಚು ಇಂಥ ಸಾಧನಗಳನ್ನು ಪರಿಶೀಲಿಸಿ, ಬೆರಳೆಣಿಕೆಯವುಗಳಲ್ಲಿ ಮಾತ್ರ ಅಲ್ಪ ಲಾಭ ಕಂಡಿತು. ಆ ಹಣಕ್ಕೆ ಒಂದು ಒಳ್ಳೆಯ ಗಾಳಿ ಗೇಜ್ ಬರುತ್ತದೆ.

ಗಡಿ ದಾಟಿ ಡೀಸೆಲ್ ತುಂಬಿಸುವವರಿಗೂ ಒಂದು ಮಾತು. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಹಾಗೂ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು. ಆದ್ದರಿಂದ ಹಳೆಯ ಅಂತರ ಈಗಿಲ್ಲ. ಲೀಟರಿಗೆ 2 ರೂ. ಕಡಿಮೆ ಎಂದುಕೊಂಡರೂ 40 ಲೀಟರಿಗೆ ಸಿಗುವುದು 80 ರೂ. ಅದಕ್ಕಾಗಿ ಹೋಗಿ ಬರಲು 20 ಕಿ.ಮೀ. ಓಡಿಸಿದರೆ ಒಂದೂವರೆ ಲೀಟರಿಗೂ ಹೆಚ್ಚು ಸುಟ್ಟಿರುತ್ತದೆ. ದಾರಿಯಲ್ಲೇ ಪಂಪ್ ಇದ್ದರೆ ಮಾತ್ರ ಲಾಭ.

ಲಾಭ ಆಯಿತೇ ಎಂದು ತಿಳಿಯುವುದು ಹೇಗೆ?

ಅಂದಾಜಿನಿಂದ ಮೈಲೇಜ್ ಹೇಳಬಾರದು. ಒಂದೇ ಪಂಪಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಗನ್ ತಾನಾಗಿ ನಿಂತ ಕೂಡಲೇ ನಿಲ್ಲಿಸಿ, ಕಿ.ಮೀ. ಬರೆದುಕೊಳ್ಳಿ. ಮುಂದಿನ ಸಲ ಅದೇ ಪಂಪಿನಲ್ಲಿ ಅದೇ ರೀತಿ ತುಂಬಿಸಿ, ಓಡಿದ ಕಿ.ಮೀ.ಯನ್ನು ಹಾಕಿದ ಲೀಟರಿನಿಂದ ಭಾಗಿಸಿ. ಕನಿಷ್ಠ ಮೂರು ಟ್ಯಾಂಕಿನ ಸರಾಸರಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಇಲ್ಲದಿದ್ದರೆ ಯಾವುದರಿಂದ ಲಾಭವಾಯಿತು ಎಂಬುದು ತಿಳಿಯುವುದಿಲ್ಲ. ಮಕ್ಕಳ ಹಳೇ ನೋಟ್‌ಬುಕ್ಕಿನ ಎರಡು ಹಾಳೆ ಸಾಕು.

ತಿಂಗಳಿಗೆ 2,500 ಕಿ.ಮೀ. ಓಡುವ ಗಾಡಿ ಲೀಟರಿಗೆ 12 ಕಿ.ಮೀ. ಕೊಟ್ಟರೆ 208 ಲೀಟರ್ ಬೇಕು. ಅದು ಹದಿಮೂರೂವರೆಗೆ ಏರಿದರೆ 185 ಲೀಟರ್ ಸಾಕು. ಲೀಟರಿಗೆ 90 ರೂ. ಎಂದು ಹಿಡಿದರೆ ತಿಂಗಳಿಗೆ 2 ಸಾವಿರ, ವರ್ಷಕ್ಕೆ 24 ಸಾವಿರ ರೂ. ಹಿಂಗಾರು ಕೈಕೊಟ್ಟ ವರ್ಷದಲ್ಲಿ ಒಂದೆರಡು ಹಪ್ತೆ ತಪ್ಪದಂತೆ ಕಾಯುವ ಮೊತ್ತ ಇದು. ಇದರ ಬಹುಪಾಲು ಬರುವುದು ವೇಗ ಇಳಿಸುವುದು, ಟೈರಿಗೆ ಗಾಳಿ, ಟಪ್ಪು ಖಾಲಿ ಮಾಡುವುದು ಮತ್ತು ಹೇರು ದುಂಡಗೆ ಒಟ್ಟುವುದರಿಂದ. ನಾಲ್ಕಕ್ಕೂ ಗ್ಯಾರೇಜಿಗೆ ಹೋಗಬೇಕಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಡೀಸೆಲ್‌ಗೂ ಸಲ್ಲುತ್ತದೆ.